ಕ್ಲಾಡ್ ಶಾನನ್: ಗಣಕವನ್ನು ಮೈಮೇಲೆ ಧರಿಸಿದ ವಿಜ್ಞಾನಿ

ಇಂದು ಮುಂಗೈಗೆ ಕಟ್ಟಿದ ಪುಟ್ಟ ಗಣಕವು ನಾಡಿಯ ಬಡಿತವನ್ನೆಣಿಸಿ ಜೇಬಿನ ಸ್ಮಾರ್ಟ್‌ಫೋನಿಗೆ ತಿಳಿಸುತ್ತದೆ. ಇದನ್ನು ಕಂಡು ಯಾರೂ ಬೆರಗಾಗುವುದಿಲ್ಲ. ಆದರೆ ಗಣಕಯಂತ್ರವೆಂದರೆ ಒಂದು ಕೋಣೆಯನ್ನೇ ತುಂಬುತ್ತಿದ್ದ ಕಾಲದಲ್ಲಿ ಅದನ್ನು ಮೈಮೇಲೆ ಧರಿಸಬಹುದೆಂದು ಮಾಡಿ ತೋರಿದ ಇಬ್ಬರಲ್ಲಿ ಒಬ್ಬನು ಅಮೆರಿಕದ ಕ್ಲಾಡ್ ಶಾನನ್.

ಈತನು 1916ನೆಯ ಇಸವಿ ಏಪ್ರಿಲ್ 30ರಂದು ಮಿಷಿಗನ್ ಸಂಸ್ಥಾನದಲ್ಲಿ ಜನಿಸಿ, ಗೇಲಾರ್ಡ್ ಎಂಬ ಸಣ್ಣ ಊರಿನಲ್ಲಿ ಬೆಳೆದನು. ಬಾಲ್ಯದಲ್ಲಿಯೇ ಬೇಲಿಯ ಮುಳ್ಳುತಂತಿಯನ್ನು ಬಳಸಿ ಅರ್ಧ ಮೈಲಿ ದೂರದ ಗೆಳೆಯನ ಮನೆಗೆ ತಂತಿ ಸುದ್ದಿ ಕಳುಹಿಸುತ್ತಿದ್ದನು. ಕೈಗೆ ಸಿಕ್ಕಿದುದರಿಂದಲೇ ಹೊಸದನ್ನು ಹೊಂದಿಸುವ ಈ ಗುಣವು ಅವನನ್ನು ಎಂದೂ ಬಿಡಲಿಲ್ಲ.

1936ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಪದವಿ ಪಡೆದು ಎಂ. ಐ. ಟಿ.ಗೆ ಹೋದನು. ಅಲ್ಲಿ ಮರುವರ್ಷ ಬರೆದ ಪ್ರಬಂಧದಲ್ಲಿ, ಸ್ವಿಚ್ಚುಗಳ ತೆರೆಯುವಿಕೆ ಮುಚ್ಚುವಿಕೆಗಳಿಂದಲೇ ಬೂಲನ ತರ್ಕಗಣಿತವನ್ನು ನಡೆಸಬಹುದೆಂದು ತೋರಿಸಿದನು. ಇಂದಿನ ಗಣಕಗಳೆಲ್ಲವೂ ಈ ತಳಹದಿಯ ಮೇಲೆಯೇ ನಿಂತಿವೆ.

1948ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿದ್ದಾಗ ಆತನು ಪ್ರಕಟಿಸಿದ ಸಂವಹನ ಸಿದ್ಧಾಂತವು ಲೋಕಪ್ರಸಿದ್ಧವಾಯಿತು. ಯಾವ ಸುದ್ದಿಯನ್ನಾದರೂ ಸೊನ್ನೆ-ಒಂದುಗಳಲ್ಲಿ ಅಳೆಯಬಹುದು. ದಾರಿಯಲ್ಲಿ ಕೆಲವು ಅಕ್ಷರ ಕೆಟ್ಟರೂ, ಸುದ್ದಿಯಲ್ಲಿ ತಕ್ಕಷ್ಟು ಪುನರುಕ್ತಿಯಿದ್ದರೆ ಅದನ್ನು ಸರಿಪಡಿಸಬಹುದು. ಇದಕ್ಕೆ ನಿದರ್ಶನ ನಮ್ಮ ಭೀಮಾತೀರದಲ್ಲಿಯೇ ಇದೆ. ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದ ಕಲ್ಲನ್ನು ಹಿಂದೆ ವಿಗ್ರಹದ ಪೀಠವಾಗಿ ಕೊರೆದಿದ್ದರು, ಅಕ್ಷರಗಳು ಹಾಳಾಗಿದ್ದವು. ಅದೇ ಆಜ್ಞೆಗಳಲ್ಲಿ ಕೆಲವು ಧೌಲಿ, ಜೌಗಡಗಳಲ್ಲಿಯೂ ಇದ್ದುದರಿಂದ ವಿದ್ವಾಂಸರು ಕಳೆದ ಮಾತುಗಳನ್ನು ಊಹಿಸಿ ತುಂಬಲು ಸಾಧ್ಯವಾಯಿತು.

1960ರಲ್ಲಿ ಎಡ್ವರ್ಡ್ ಥಾರ್ಪ್ ಎಂಬ ತರುಣ ಗಣಿತಜ್ಞನು ಶಾನನನ ಬಳಿಗೆ ಬಂದನು. ರೂಲೆಟ್ ಎಂಬ ಜೂಜಿನ ಚಕ್ರದಲ್ಲಿ ಗುಂಡು ಎಲ್ಲಿ ಬೀಳುವುದೆಂದು ಭೌತಶಾಸ್ತ್ರದ ನಿಯಮಗಳಿಂದ ಮುಂದಾಗಿಯೇ ಹೇಳಬಹುದೇ ಎಂಬುದು ಅವನ ಪ್ರಶ್ನೆ. ಇಬ್ಬರೂ ಸೇರಿ ಹನ್ನೆರಡು ಟ್ರಾನ್ಸಿಸ್ಟರುಗಳ, ಸಿಗರೇಟು ಪೊಟ್ಟಣದಷ್ಟು ಗಾತ್ರದ ಗಣಕವೊಂದನ್ನು ಕಟ್ಟಿದರು. ಧರಿಸಿದವನು ಬೂಟಿನೊಳಗಿನ ಸ್ವಿಚ್ಚನ್ನು ಕಾಲ್ಬೆರಳಿನಿಂದ ಒತ್ತಿ ಚಕ್ರದ ವೇಗವನ್ನು ಗುರುತಿಸುವನು. ಪಣ ಒಡ್ಡುವವನ ಕಿವಿಯಲ್ಲಿ ರೇಡಿಯೋ ಮೂಲಕ ಸ್ವರವೊಂದು ಕೇಳಿಸುವುದು. ಆ ಸ್ವರವೇ ಚಕ್ರದ ಎಂಟು ಭಾಗಗಳಲ್ಲಿ ಒಂದನ್ನು ಸೂಚಿಸುವುದು. 1961ರ ಬೇಸಗೆಯಲ್ಲಿ ಲಾಸ್ ವೇಗಾಸಿನಲ್ಲಿ ಪರೀಕ್ಷೆ ನಡೆಯಿತು. ಲೆಕ್ಕ ಸರಿಹೋಯಿತು, ಆದರೆ ಕಿವಿಗೆ ಹೋಗುವ ಕೂದಲೆಳೆಯಂಥ ತಂತಿ ಪದೇ ಪದೇ ಹರಿಯಿತು. ದೊಡ್ಡ ಪಣದ ಆಸೆಯನ್ನು ಅವರು ಬಿಟ್ಟರು. ಜೂಜು ಶ್ಲಾಘ್ಯವಲ್ಲ, ಜೂಜಿನ ಗುಟ್ಟನ್ನೇ ಬಿಡಿಸಹೊರಟ ಕುತೂಹಲವಾದರೋ ಶ್ಲಾಘ್ಯವೇ. ಅಂದು ಅವರು ಬಿಡಿಬಿಡಿಯಾಗಿ ಜೋಡಿಸಿದ ಗಡಿಯಾರ, ಲೆಕ್ಕಯಂತ್ರ, ರೇಡಿಯೋಗಳೆಲ್ಲವೂ ಇಂದು ಒಂದು ಸ್ಮಾರ್ಟ್‌ಫೋನಿನಲ್ಲಿಯೇ ಅಡಗಿವೆ.

ಮಾಹಿತಿಯನ್ನು ಅಳೆಯಲು ಕಲಿಸಿದ ಈ ಧೀಮಂತನನ್ನು ಮುಪ್ಪಿನಲ್ಲಿ ಮರೆವಿನ ರೋಗ ಕಾಡಿದುದು ವಿಧಿಯ ಕ್ರೂರ ವಿಡಂಬನೆ. 2001ನೆಯ ಇಸವಿ ಫೆಬ್ರವರಿ 24ರಂದು ಆತನು ತೀರಿಕೊಂಡನು.

ಕಲಾವಿಭಾಗದ ನಮಗೆ ಯಂತ್ರದ ಗೊಡವೆಯೇಕೆಂದು ಮಿತ್ರರು ಕೇಳಬಹುದು. ಶಾನನನು ಬೂಲನ ತರ್ಕವನ್ನು ಮೊದಲು ಕಲಿತದ್ದು ಇಂಜಿನಿಯರಿಂಗ್ ಶಾಲೆಯಲ್ಲಲ್ಲ, ತತ್ತ್ವಶಾಸ್ತ್ರದ ತರಗತಿಯಲ್ಲಿ. ಎರಡು ವಿದ್ಯೆಗಳ ನಡುವಣ ಬೇಲಿಯನ್ನೂ ಆತನು ಸುದ್ದಿ ಸಾಗಿಸುವ ತಂತಿಯನ್ನಾಗಿ ಮಾಡಿಕೊಂಡನು.