ಚುಕ್ಕಾಣಿ ಹಿಡಿದ ಕೈ

ಮನುಷ್ಯರನ್ನು ದನಕರುಗಳಂತೆ ಕೊಳ್ಳುವ, ಮಾರುವ ಪದ್ಧತಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆಳವಾಗಿ ಬೇರೂರಿದ್ದ ಕಾಲವದು. ದಕ್ಷಿಣ ಕೆರೊಲಿನ ರಾಜ್ಯದ ಬ್ಯೂಫರ್ಟ್ ಎಂಬ ಊರಿನಲ್ಲಿ 1839ರ ಏಪ್ರಿಲ್ 5ರಂದು ರಾಬರ್ಟ್ ಸ್ಮಾಲ್ಸ್ ಜನಿಸಿದನು. ತಾಯಿ ಲಿಡಿಯಾ ಮಕ್ಕೀ ಮನೆತನದ ದಾಸಿ. ಅಂದಿನ ಕಾನೂನಿನಂತೆ ದಾಸಿಯ ಮಗನೂ ಹುಟ್ಟಿನಿಂದಲೇ ಗುಲಾಮನಾಗಿದ್ದನು.

ಹನ್ನೆರಡನೆಯ ವಯಸ್ಸಿನಲ್ಲಿ ಅವನನ್ನು ಚಾರ್ಲ್ಸ್‌ಟನ್ ನಗರಕ್ಕೆ ಕೂಲಿಗೆ ಕಳುಹಿಸಲಾಯಿತು. ಹೋಟೆಲಿನ ಮಾಣಿಯಾಗಿ, ಬೀದಿದೀಪ ಹೊತ್ತಿಸುವವನಾಗಿ, ಬಂದರಿನ ಕೆಲಸಗಾರನಾಗಿ ಅವನು ದುಡಿದನು. ದುಡಿಮೆಯ ಬಹುಪಾಲು ಯಜಮಾನನದಾಗುತ್ತಿತ್ತು. ಗುಲಾಮರಿಗೆ ಅಕ್ಷರ ಕಲಿಸುವುದು ಅಲ್ಲಿ ಅಪರಾಧವಾಗಿತ್ತು. ಆದರೆ ಸ್ಮಾಲ್ಸ್ ಬಂದರಿನ ನೀರನ್ನೇ ಓದಲು ಕಲಿತನು. ಎಲ್ಲಿ ಆಳ, ಎಲ್ಲಿ ಮರಳುದಿಬ್ಬ, ಯಾವಾಗ ಉಬ್ಬರ, ಯಾವಾಗ ಇಳಿತ ಎಂಬುದೆಲ್ಲ ಅವನಿಗೆ ಕರತಲಾಮಲಕವಾಯಿತು. 1856ರಲ್ಲಿ ಅವನು ಹ್ಯಾನಾ ಎಂಬವಳನ್ನು ಮದುವೆಯಾದನು. ಹೆಂಡತಿಯೂ ಮಗಳೂ ಬೇರೊಬ್ಬನ ಸ್ವತ್ತು. ಅವರ ಬಿಡುಗಡೆಯ ಬೆಲೆ 800 ಡಾಲರು. ಅಷ್ಟು ಹಣ ಕೂಡುವ ಮೊದಲೇ ಅವರನ್ನು ಯಾರಿಗಾದರೂ ಮಾರಿಬಿಟ್ಟರೆ ಗತಿಯೇನೆಂಬ ಚಿಂತೆ ಅವನನ್ನು ಕಾಡುತ್ತಿತ್ತು.

1861ರಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಅಂತರ್ಯುದ್ಧ ಆರಂಭವಾಯಿತು. ಉತ್ತರದ ನೌಕಾಪಡೆಯು ಚಾರ್ಲ್ಸ್‌ಟನ್ ಬಂದರಿಗೆ ದಿಗ್ಬಂಧನ ಹಾಕಿ ಹೊರಗಡಲಿನಲ್ಲಿ ನಿಂತಿತು. ದಕ್ಷಿಣದ ಸೇನೆಗೆ ತೋಪು, ಮದ್ದುಗುಂಡುಗಳನ್ನು ಸಾಗಿಸುತ್ತಿದ್ದ ಪ್ಲಾಂಟರ್ ಎಂಬ ಉಗಿಹಡಗಿನ ಚುಕ್ಕಾಣಿ ಸ್ಮಾಲ್ಸನ ಕೈಯಲ್ಲಿತ್ತು.

1862ರ ಮೇ 12ರ ರಾತ್ರಿ ಹಡಗಿನ ಮೂವರು ಬಿಳಿಯ ಅಧಿಕಾರಿಗಳು ನಿಯಮ ಮೀರಿ ದಡದಲ್ಲಿ ಮಲಗಲು ಹೋದರು. ಬೆಳಗಿನ ಜಾವ ಮೂರರ ಸುಮಾರಿಗೆ ಸ್ಮಾಲ್ಸ್ ಮತ್ತು ಸಂಗಡಿಗರು ಹಡಗನ್ನು ಹೊರಡಿಸಿದರು. ಇನ್ನೊಂದೆಡೆ ಅಡಗಿದ್ದ ಹೆಂಡಿರು ಮಕ್ಕಳನ್ನು ಹತ್ತಿಸಿಕೊಂಡರು. ಸಿಕ್ಕಿಬಿದ್ದರೆ ಶರಣಾಗದೆ, ಹಡಗಿನೊಡನೆ ತಾವೂ ಮುಳುಗುವುದೆಂದು ನಿಶ್ಚಯಿಸಿದ್ದರು.

ದಾರಿಯಲ್ಲಿ ದಕ್ಷಿಣದವರ ಕೋಟೆಗಳಿದ್ದವು. ಅವುಗಳಲ್ಲಿ ಸಮ್ಟರ್ ಕೋಟೆಯೇ ಭಯಂಕರವಾದುದು. ಸ್ಮಾಲ್ಸ್ ಕಪ್ತಾನನ ಹುಲ್ಲಿನ ಟೊಪ್ಪಿಗೆಯನ್ನು ಧರಿಸಿ, ಅವನಂತೆಯೇ ನಿಂತು, ಗೊತ್ತಾದ ಸಂಕೇತದಂತೆ ಸೀಟಿ ಊದಿಸಿದನು. ಮಬ್ಬುಗತ್ತಲಿನಲ್ಲಿ ಕಾವಲುಗಾರರಿಗೆ ಸಂಶಯ ಬರಲಿಲ್ಲ. ತೋಪುಗಳ ನಿಲುಕನ್ನು ದಾಟಿದೊಡನೆ ದಕ್ಷಿಣದ ಬಾವುಟವನ್ನಿಳಿಸಿ ಬಿಳಿಯ ಬಟ್ಟೆಯನ್ನೇರಿಸಿದರು. ಎದುರಿಗಿದ್ದ ಉತ್ತರದ ಆನ್‌ವರ್ಡ್ ಹಡಗು ಇವರ ಮೇಲೆ ಗುಂಡು ಹಾರಿಸುವುದರಲ್ಲಿತ್ತು. ಅಷ್ಟರಲ್ಲಿ ಬಿಳಿಯ ಬಟ್ಟೆ ಕಣ್ಣಿಗೆ ಬಿದ್ದಿತು. ಬೆಳಕು ಹರಿಯುವ ವೇಳೆಗೆ ಹಡಗಿನಲ್ಲಿದ್ದವರೆಲ್ಲ ಸ್ವತಂತ್ರರಾಗಿದ್ದರು. ಅವರೊಡನೆ ತೋಪುಗಳೂ ರಹಸ್ಯ ಸಂಕೇತಗಳ ಪುಸ್ತಕವೂ ಉತ್ತರದ ನೌಕಾಪಡೆಗೆ ದೊರೆತವು.

ಸ್ಮಾಲ್ಸ್ ತನ್ನ ಬಿಡುಗಡೆಯಿಂದಲೇ ತೃಪ್ತನಾಗಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ವಾಷಿಂಗ್ಟನ್ನಿಗೆ ಹೋಗಿ, ಕರಿಯರನ್ನು ಸೇನೆಗೆ ಸೇರಿಸಿಕೊಳ್ಳಬೇಕೆಂದು ಯುದ್ಧಮಂತ್ರಿ ಸ್ಟ್ಯಾಂಟನ್ನನಲ್ಲಿ ವಾದಿಸಿದವರಲ್ಲಿ ಅವನೂ ಒಬ್ಬ. ಆ ಮೇಲೆ 5,000 ಮಂದಿಯನ್ನು ಸೇರಿಸಿಕೊಳ್ಳಲು ಅಪ್ಪಣೆಯಾಯಿತು. 1863ರ ಡಿಸೆಂಬರಿನಲ್ಲಿ ಶತ್ರುಗಳ ಗುಂಡಿನ ಮಳೆಗೆ ಹೆದರಿ ಪ್ಲಾಂಟರಿನ ಕಪ್ತಾನನು ಕಲ್ಲಿದ್ದಲ ಕೋಣೆಯಲ್ಲಿ ಅಡಗಿದಾಗ, ಸ್ಮಾಲ್ಸ್ ಹಡಗನ್ನು ಸುರಕ್ಷಿತವಾಗಿ ಪಾರುಮಾಡಿದನು. ಅವನನ್ನೇ ಅದರ ಕಪ್ತಾನನನ್ನಾಗಿ ನೇಮಿಸಲಾಯಿತು.

ಯುದ್ಧಕಾಲದಲ್ಲಿಯೇ ಅವನು ಓದುಬರಹ ಕಲಿತನು. ತಾನು ಗುಲಾಮನಾಗಿ ಹುಟ್ಟಿದ ಯಜಮಾನನ ಮನೆಯನ್ನೇ ಕೊಂಡನು. ತನಗೆ ನಿಷಿದ್ಧವಾಗಿದ್ದ ವಿದ್ಯೆ ಎಲ್ಲ ಮಕ್ಕಳಿಗೂ ಉಚಿತವಾಗಿ ಸಿಗಬೇಕೆಂದು 1868ರಲ್ಲಿ ತನ್ನ ರಾಜ್ಯದ ಸಂವಿಧಾನ ಸಭೆಯಲ್ಲಿ ಶ್ರಮಿಸಿದನು. 1875ರಲ್ಲಿ ರಾಷ್ಟ್ರದ ಪ್ರತಿನಿಧಿ ಸಭೆಯನ್ನು ಪ್ರವೇಶಿಸಿದನು. ಆದರೆ ಕಾಲ ಮತ್ತೆ ತಿರುಗಿತು. 1895ರಲ್ಲಿ ಕರಿಯರ ಮತದಾನದ ಹಕ್ಕನ್ನು ಕಸಿಯುವ ಹೊಸ ಸಂವಿಧಾನ ಸಿದ್ಧವಾದಾಗ ಅದನ್ನು ಸಭೆಯಲ್ಲಿ ಎದುರಿಸಿದ ಕೆಲವೇ ಮಂದಿಯಲ್ಲಿ ಅವನಿದ್ದನು. ಆ ಹೋರಾಟದಲ್ಲಿ ಗೆಲುವು ದೊರೆಯಲಿಲ್ಲ. 1915ರ ಫೆಬ್ರವರಿ 23ರಂದು ಬ್ಯೂಫರ್ಟಿನಲ್ಲಿಯೇ ಅವನು ಕಣ್ಮುಚ್ಚಿದನು.

ದಕ್ಷಿಣದ ಸೇನೆಯ ವಿಜಯವೊಂದರ ಹೆಸರನ್ನು ಹೊತ್ತಿದ್ದ ಅಮೆರಿಕದ ಯುದ್ಧನೌಕೆಯೊಂದಕ್ಕೆ 2023ರಲ್ಲಿ ರಾಬರ್ಟ್ ಸ್ಮಾಲ್ಸನ ಹೆಸರನ್ನಿಡಲಾಯಿತು. ತನ್ನ ಬಂಧನವನ್ನು ಕಳಚಿಕೊಂಡವನು ಧೀರ. ಅನ್ಯರ ಬಂಧನವನ್ನು ಕಳಚಲು ಬಾಳೆಲ್ಲ ದುಡಿದವನು ಮಹಾಪುರುಷ. ಸ್ಮಾಲ್ಸನು ಇವೆರಡೂ ಆಗಿದ್ದನು.