ಬಾಗಿಲ ಹೊರಗೆ ಕೂತ ದೇವಸೇವಕ

 

ಪ್ರಿಯ ಯೌವನಸ್ಥರೇ, ಇವತ್ತು ನಮ್ಮ ಪೆಂತೆಕೋಸ್ತ್ ಮನೆತನದ ಒಬ್ಬ ಹಿರಿಯರ ಬಗ್ಗೆ ಹೇಳ್ತೀನಿ. ಹೆಸರು ವಿಲಿಯಂ ಸೀಮೋರ್. ಅವರ ಕಥೆ ನಾನು ಎಷ್ಟೋ ಸಲ ಹೇಳಿದ್ದೀನಿ, ಆದರೆ ಪ್ರತಿ ಸಲ ಅರ್ಧಕ್ಕೇ ನಿಲ್ಲಿಸಿದ್ದೀನಿ. ಸಂತೋಷದ ಭಾಗ ಮುಗಿದ ಕೂಡಲೇ ಹಲ್ಲೆಲೂಯಾ ಅಂದು ಮುಗಿಸಿಬಿಟ್ಟಿದ್ದೀನಿ. ಇವತ್ತು ಪೂರ್ತಿ ಹೇಳ್ತೀನಿ.

ಸೀಮೋರ್ ಹುಟ್ಟಿದ್ದು 1870ರಲ್ಲಿ, ಅಮೆರಿಕದ ಲೂಸಿಯಾನ ರಾಜ್ಯದಲ್ಲಿ. ತಂದೆ ತಾಯಿ ಗುಲಾಮಗಿರಿಯಿಂದ ಬಿಡುಗಡೆಯಾದವರು. ಬೆಳೆದ ಮೇಲೆ ಕೆಲಸ ಹುಡುಕಿ ಉತ್ತರಕ್ಕೆ ಹೋದರು, ಹೋಟೆಲಲ್ಲಿ ಊಟ ಬಡಿಸಿದರು. ಸಿಡುಬು ಬಂದು ಒಂದು ಕಣ್ಣು ಹೋಯ್ತು. ಆದರೂ ಸೇವೆಯ ಕರೆಗೆ ವಿಧೇಯರಾದರು.

ಅದೇ ಲೂಸಿಯಾನದಲ್ಲಿ ರೈಲುಗಾಡಿಯಲ್ಲಿ ಬಿಳಿಯರಿಗೊಂದು, ಕಪ್ಪು ಜನರಿಗೊಂದು ಬೋಗಿ ಇರಬೇಕೆಂಬ ಕಾನೂನಿತ್ತು. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದು ಸರಿ ಅಂದಿತು. ಒಬ್ಬ ನ್ಯಾಯಾಧೀಶರು ಮಾತ್ರ ಒಪ್ಪಲಿಲ್ಲ, ಹಾರ್ಲನ್ ಅಂತ. ಸಂವಿಧಾನಕ್ಕೆ ಬಣ್ಣ ಕಾಣಿಸೋದಿಲ್ಲ ಎಂಬ ಪ್ರಸಿದ್ಧ ಮಾತು ಅವರದೇ. ಆದರೆ ಅದೇ ತೀರ್ಪಿನಲ್ಲಿ, ದೇಶದಲ್ಲಿ ಬಿಳಿಯರೇ ಮೇಲಿದ್ದಾರೆ, ಮುಂದೆಯೂ ಇರ್ತಾರೆ ಅನ್ನೋ ನಂಬಿಕೆಯನ್ನೂ ಅವರು ಬರೆದರು. ಗಮನಿಸಿ: ಬಣ್ಣ ನೋಡಲ್ಲ ಅನ್ನೋ ಮಾತೂ, ಯಾರು ಮೇಲೆ ಅನ್ನೋ ಲೆಕ್ಕವೂ ಒಟ್ಟಿಗೇ ಇದ್ದವು.

1906ರ ಆರಂಭದಲ್ಲಿ ಸೀಮೋರ್ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ ಚಾರ್ಲ್ಸ್ ಪರಾಮ್ ಎಂಬ ಬಿಳಿಯ ಬೋಧಕರ ಬೈಬಲ್ ಶಾಲೆಗೆ ಸೇರಿದರು. ಪವಿತ್ರಾತ್ಮನ ದೀಕ್ಷಾಸ್ನಾನದ ಪಾಠ ಅಲ್ಲಿ ನಡೀತಿತ್ತು. ಆದರೆ ಬಿಳಿಯರ ಜೊತೆ ತರಗತಿಯೊಳಗೆ ಕೂರುವ ಹಾಗಿರಲಿಲ್ಲ. ಹೊರಗೆ ಕುರ್ಚಿ ಹಾಕಿ, ಬಾಗಿಲು ತೆರೆದಿಟ್ಟರು. ಅಲ್ಲಿಂದಲೇ ಸೀಮೋರ್ ವಾಕ್ಯ ಕೇಳಿದರು.

ಆಮೇಲೆ ಲಾಸ್ ಏಂಜಲೀಸ್‌ಗೆ ಹೋದರು. ಕರೆಸಿದ ಸಭೆಯವರೇ, ಅವರ ಬೋಧನೆ ಒಪ್ಪದೆ, ಬಾಗಿಲಿಗೆ ಬೀಗ ಹಾಕಿದರು. ಸೀಮೋರ್ ಮನೆಗಳಲ್ಲಿ ಪ್ರಾರ್ಥನೆ ನಡೆಸಿದರು. ಏಪ್ರಿಲ್ 9ರಂದು ಆತ್ಮನ ಸುರಿಸುವಿಕೆ ಆಯ್ತು, ಜನ ಅನ್ಯಭಾಷೆಗಳಲ್ಲಿ ಮಾತಾಡಿದರು. ಮನೆ ಸಾಲದಾದಾಗ 312, ಅಜುಸಾ ಬೀದಿಯ ಹಳೇ ಕಟ್ಟಡ ಹಿಡಿದರು. ಅದು ಹಿಂದೆ ಆರಾಧನಾಲಯವಾಗಿತ್ತು, ಆಮೇಲೆ ಕುದುರೆ ಲಾಯವೂ ಆಗಿತ್ತು. ಮರದ ಪೆಟ್ಟಿಗೆಗಳೇ ಪ್ರಸಂಗಪೀಠ. ಮೂರು ವರ್ಷ ಹೆಚ್ಚುಕಡಿಮೆ ದಿನಾ ಕೂಟ. ಕಪ್ಪು ಜನ, ಬಿಳಿಯರು, ಮೆಕ್ಸಿಕನ್ನರು ಒಂದೇ ನೆಲದ ಮೇಲೆ ಮೊಣಕಾಲೂರಿದರು. ಬಿಳಿಯರು ಕಪ್ಪು ದೇವಸೇವಕನ ಮುಂದೆ ತಲೆಬಾಗಿ ಪ್ರಾರ್ಥನೆ ಕೇಳಿಕೊಂಡರು. ಅಲ್ಲಿಂದ ಹೊರಟ ಗಾರ್ ದಂಪತಿಗಳ ಮೂಲಕ ಸುದ್ದಿ ನಮ್ಮ ಕಲ್ಕತ್ತಕ್ಕೂ ಬಂತು.

ನಾನು ಕಥೆ ನಿಲ್ಲಿಸ್ತಿದ್ದದ್ದು ಇಲ್ಲೇ. ಮುಂದೆ ಏನಾಯ್ತು ಕೇಳಿ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಪರಾಮ್ ಬಂದರು. ಕಪ್ಪು ಬಿಳಿ ಬೆರೆತದ್ದು ನೋಡಿ ಅಸಹ್ಯಪಟ್ಟು ಖಂಡಿಸಿದರು. ಅಜುಸಾದ ಪತ್ರಿಕೆ ಸಾವಿರಾರು ಮನೆಗಳಿಗೆ ಹೋಗ್ತಿತ್ತು. 1908ರ ಸುಮಾರಿಗೆ ಅದರ ವಿಳಾಸಗಳ ಪಟ್ಟಿ ಪೋರ್ಟ್‌ಲ್ಯಾಂಡ್‌ಗೆ ಹೋಯ್ತು. ಸೀಮೋರ್ ತಮ್ಮ ಓದುಗರನ್ನು ಕಳಕೊಂಡರು. 1914ರಲ್ಲಿ ಬಹುಪಾಲು ಬಿಳಿಯ ಸೇವಕರೇ ಸೇರಿ ಹೊಸ ಸಂಘಟನೆ ಕಟ್ಟಿದರು. 1915ರಲ್ಲಿ ಸೀಮೋರ್ ತಮ್ಮ ಸಭೆಯ ನಿಯಮಗಳನ್ನು ಬರೆದರು. ಮುಖ್ಯ ಹುದ್ದೆಗಳು ಕಪ್ಪು ಜನರಿಗೇ ಇರಲಿ ಅಂತ ಅದರಲ್ಲಿ ಸೇರಿಸಿದರು. ಬಿಳಿಯ ಸಹೋದರರನ್ನು ಪ್ರೀತಿಸಬೇಕು ಅಂತಲೂ ಬರೆದರು.

ಇದು ಓದಿದಾಗ ನನಗೆ ಕಸಿವಿಸಿ ಆಯ್ತು. ಗೆರೆ ಅಳಿಸಿದವರೇ ಗೆರೆ ಎಳೆದ್ರಾ? ಆಮೇಲೆ ಅರ್ಥ ಆಯ್ತು, ಆ ಗೆರೆ ಅಲ್ಲೇ ಇತ್ತು. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದಾಗ ಮಾತ್ರ ಕಾಣಿಸಲಿಲ್ಲ. ಅಚ್ಚುಯಂತ್ರ ಯಾರ ಕೈಲಿ, ಹಣ ಯಾರ ಕೈಲಿ, ಅಭಿಷೇಕಪತ್ರಕ್ಕೆ ಸಹಿ ಯಾರದು, ಅದೊಂದೂ ಬದಲಾಗಿರಲಿಲ್ಲ.

1922ರಲ್ಲಿ ಸೀಮೋರ್ ತೀರಿಕೊಂಡಾಗ ಸಭೆ ಸಣ್ಣದಾಗಿತ್ತು. 1931ರಲ್ಲಿ ಕಟ್ಟಡ ಕೆಡವಿದರು. 1948ರಲ್ಲಿ ಹುಟ್ಟಿದ ಪೆಂತೆಕೋಸ್ತ್ ಒಕ್ಕೂಟದಲ್ಲಿ ಬಿಳಿಯರ ಸಂಘಟನೆಗಳಷ್ಟೇ ಇದ್ದವು. 1994ರಲ್ಲಿ ಮೆಂಫಿಸ್‌ನಲ್ಲಿ ಅವರು ತಪ್ಪು ಒಪ್ಪಿಕೊಂಡು, ಆ ಒಕ್ಕೂಟವನ್ನೇ ವಿಸರ್ಜಿಸಿ, ಕಪ್ಪು ನಾಯಕರ ಜೊತೆ ಹೊಸದು ಕಟ್ಟಿದರು. ಕಣ್ಣೀರು ಅಷ್ಟೇ ಅಲ್ಲ, ಕುರ್ಚಿಗಳೂ ಬದಲಾದವು.

ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೀರಿ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗ್ತಿರಲಿಲ್ಲ. ಅಪೊಸ್ತಲರು ನಾವು ಭಾಷೆ ನೋಡಲ್ಲ ಅಂತ ಜಾರಿಕೊಳ್ಳಲಿಲ್ಲ. ಏಳು ಜನರನ್ನು ಆರಿಸಿ ಊಟದ ಜವಾಬ್ದಾರಿ ಕೊಟ್ಟರು. ಆ ಏಳೂ ಹೆಸರು ಗ್ರೀಕ್ ಹೆಸರುಗಳೇ.

ಒಂದು ಮಾತು ಹೇಳಿ ಮುಗಿಸ್ತೀನಿ. ನಮ್ಮ ಸಭೆಯಲ್ಲಿ ಜಾತಿ ನೋಡಲ್ಲ ಅಂತ ನಾನು ಇದೇ ಪೀಠದಿಂದ ಹೆಮ್ಮೆಯಿಂದ ಹೇಳಿದ್ದೆ. ಕೂಟ ಮುಗಿದ ಮೇಲೆ ಒಬ್ಬ ತಮ್ಮ ಬಂದು, ಹಾಗಾದ್ರೆ ವಿಶ್ವಾಸಿಗಳು ಮದುವೆ ಸಂಬಂಧ ಹುಡುಕುವಾಗ ಮೊದಲು ಅದನ್ನೇ ಯಾಕೆ ವಿಚಾರಿಸ್ತಾರೆ ಅಂತ ಕೇಳಿದ. ನನ್ನ ಹತ್ರ ಉತ್ತರ ಇರಲಿಲ್ಲ. ಈ ವಾರ ನಾವು ಎಣಿಸೋಣ: ನಮ್ಮಲ್ಲಿ ಮೈಕ್ ಹಿಡಿಯೋರು ಯಾರು, ಪಾತ್ರೆ ತೊಳೆಯೋರು ಯಾರು, ಬಾಗಿಲ ಹೊರಗಿನ ಕುರ್ಚಿಯಲ್ಲಿ ಇವತ್ತೂ ಯಾರನ್ನ ಕೂರಿಸಿದ್ದೀವಿ? ನಾನೂ ಎಣಿಸ್ತೀನಿ.

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಆಮೇಲೆ ಕಣ್ಣು ತೆರೆಯೋಣ. ಆಮೆನ್.