ಮಹ್ದಿಯಾದ ಬೆನ್ ಯಿಜು, ಮಂಗಳೂರಿನ ಅಶು

ಕಳಕ್ಕೂಟಂಗೆ ಕೆಲಸಕ್ಕೆಂದು ಬಂದ ಮೇಲೆ, ಊರು ಬಿಟ್ಟವರ ಕಥೆ ಎಲ್ಲಿ ಸಿಕ್ಕರೂ ಓದುತ್ತೇನೆ. ಅವರಲ್ಲಿ ನನ್ನನ್ನು ಬಹಳ ಕಾಡಿದವನು ಅಬ್ರಹಾಂ ಬೆನ್ ಯಿಜು. ನಾವು ಕನ್ನಡನಾಡಿನಿಂದ ಹೊರಗೆ ಬಂದವರು. ಅವನು ಒಂಬತ್ತು ಶತಮಾನಗಳ ಹಿಂದೆ ಮೆಡಿಟರೇನಿಯನ್ ತೀರದಿಂದ ನಮ್ಮ ಮಂಗಳೂರಿಗೆ ಬಂದವನು.

ಅವನ ಊರು ಈಗಿನ ಟುನೀಶಿಯಾದ ಮಹ್ದಿಯಾ. ಹತ್ತನೆಯ ಶತಮಾನದಲ್ಲಿ ಫಾತಿಮಿ ಖಲೀಫರು ಸಮುದ್ರದೊಳಗೆ ಚಾಚಿದ ಭೂಶಿರದ ಮೇಲೆ ಕೋಟೆ, ಬಂದರು, ಮಸೀದಿ ಕಟ್ಟಿ ರಾಜಧಾನಿ ಮಾಡಿಕೊಂಡಿದ್ದ ಪಟ್ಟಣ. ಬೆನ್ ಯಿಜು ಅಲ್ಲಿನ ಯಹೂದಿ ಧರ್ಮಪಂಡಿತರೊಬ್ಬರ ಮಗ. ಕೈಬರಹ ಅಂದವಾಗಿತ್ತು, ಕವಿತೆಯನ್ನೂ ಬರೆಯುತ್ತಿದ್ದ. ಏಡನ್‌ನ ದೊಡ್ಡ ವರ್ತಕ ಮದ್ಮೂನ್‌ನ ನೆರವು ಪಡೆದು 1132ರ ಹೊತ್ತಿಗೆ ಮಂಗಳೂರು ಸೇರಿದ್ದ. ಆಗ ತುಳುನಾಡು ಆಳುಪರ ಆಳ್ವಿಕೆಯಲ್ಲಿತ್ತು.

ಇಲ್ಲಿಂದ ಮೆಣಸು, ಶುಂಠಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಏಡನ್‌ನಿಂದ ಹಳೆಯ ತಾಮ್ರ, ಕಂಚು ತರಿಸಿ ತನ್ನ ಕಾರ್ಖಾನೆಯಲ್ಲಿ ಹೊಸ ಪಾತ್ರೆ ಮಾಡಿಸುತ್ತಿದ್ದ. ಕಾಗದವೂ ಅಲ್ಲಿಂದಲೇ ಬರಬೇಕಿತ್ತು. ಹಾಗಾಗಿ ಬಂದ ಪತ್ರಗಳ ಹಿಂಬದಿಯಲ್ಲೇ ಲೆಕ್ಕ ಬರೆದಿಡುತ್ತಿದ್ದ. ಬೊಮ್ಮ ಎಂಬ ಆಳು ಅವನ ಪರವಾಗಿ ವ್ಯಾಪಾರಕ್ಕೆಂದು ಏಡನ್‌ಗೂ ಹೋಗುತ್ತಿದ್ದ.

1132ರ ಅಕ್ಟೋಬರ್‌ನಲ್ಲಿ ಬೆನ್ ಯಿಜು ಮಂಗಳೂರಿನಲ್ಲಿ ಒಂದು ಪತ್ರ ಮಾಡಿಕೊಟ್ಟ. ಅದರಿಂದ ಅಶು ಎಂಬ ದಾಸಿ ಸ್ವತಂತ್ರಳಾದಳು. ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರು ಬಂತು. ಆಶೀರ್ವಾದ ಎಂದು ಅದರ ಅರ್ಥ. ಅವಳೇ ಅವನ ಹೆಂಡತಿ, ಅವನ ಮಕ್ಕಳ ತಾಯಿ ಎಂದು ವಿದ್ವಾಂಸರು ಭಾವಿಸುತ್ತಾರೆ. ಮಲಬಾರಿನ ನಾಯರ್ ಮನೆತನದವಳಿರಬೇಕೆಂಬ ಊಹೆಯೂ ಇದೆ. ಏಡನ್‌ನ ಗೆಳೆಯರು ತಮ್ಮ ಪತ್ರಗಳಲ್ಲಿ ಮರೆಯದೆ ಬೊಮ್ಮನಿಗೂ ಸಲಾಂ ಹೇಳುತ್ತಾರೆ. ಅಶುವಿನ ಹೆಸರೆತ್ತುವುದಿಲ್ಲ.

1148ರಲ್ಲಿ ಸಿಸಿಲಿಯ ದೊರೆ ಎರಡನೆಯ ರೋಜರ್‌ನ ಸೈನ್ಯ ಮಹ್ದಿಯಾವನ್ನು ಗೆದ್ದಿತು. ಬೆನ್ ಯಿಜುವಿನ ಒಡಹುಟ್ಟಿದವರು ದಿಕ್ಕಾಪಾಲಾಗಿ ಸಿಸಿಲಿ ಸೇರಿದರು. ಮರುವರ್ಷ ಮಕ್ಕಳೊಂದಿಗೆ ಏಡನ್‌ಗೆ ಮರಳಿದ ಅವನು, ಇರುವುದನ್ನು ಹಂಚಿಕೊಂಡು ಬಾಳೋಣ, ಬನ್ನಿ ಎಂದು ಅವರಿಗೆ ಬರೆದ. ಆದರೆ ಏಡನ್‌ನಲ್ಲಿ ಮಗ ತೀರಿಕೊಂಡ. ಸೋದರನೊಬ್ಬ ಹಣ ತೆಗೆದುಕೊಂಡು ವಂಚಿಸಿದ. ಉಳಿದವಳು ಮಗಳು ಸಿತ್ ಅಲ್-ದಾರ್, ಅಂದರೆ ಮನೆಯೊಡತಿ. ಏಡನ್‌ನ ಒಳ್ಳೆಯ ಸಂಬಂಧವೊಂದು ತಾನಾಗಿ ಬಂದಿದ್ದರೂ ಬಿಟ್ಟು, 1156ರಲ್ಲಿ ಈಜಿಪ್ಟಿನ ಫುಸ್ತಾತ್‌ನಲ್ಲಿ ಸೋದರ ಯೂಸುಫನ ಮಗನಿಗೆ ಅವಳನ್ನು ಕೊಟ್ಟ. ಚದುರಿದ ಮನೆತನವನ್ನು ಒಂದುಗೂಡಿಸಲು ಅವನಿಗೆ ಉಳಿದಿದ್ದ ದಾರಿ ಅದೊಂದೇ.

ಅವನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅಶುವಿನ ಕಡೆಯಿಂದಲೂ ಯೋಚಿಸುತ್ತೇನೆ. ನಮ್ಮಲ್ಲಿ ಚಿಕ್ಕಪ್ಪ, ದೊಡ್ಡಪ್ಪನ ಮಗ ಎಂದರೆ ಅಣ್ಣತಮ್ಮನೇ. ನಾಯರರಲ್ಲೂ ತುಳುನಾಡಿನ ಅಳಿಯಸಂತಾನದ ಮನೆಗಳಲ್ಲೂ ಮಗಳಿಂದಲೇ ಮನೆತನ ಮುಂದುವರಿಯುತ್ತದೆ. ಆ ಲೆಕ್ಕದಲ್ಲಿ ಸಿತ್ ಅಲ್-ದಾರ್ ಅಶುವಿನ ಮನೆಯೊಡತಿ. ಅಪ್ಪನ ಲೆಕ್ಕದಲ್ಲಿ ಅವಳು ತಾನು ಕಂಡೇ ಇರದ ಮಹ್ದಿಯಾದವಳು.

ದೇವರ ಹೆಸರಿರುವ ಕಾಗದವನ್ನು ನಾಶಮಾಡಬಾರದೆಂದು ಫುಸ್ತಾತ್‌ನ ಯಹೂದಿಗಳು ತಮ್ಮ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ ಹಳೆಯ ಬರಹಗಳನ್ನು ತುಂಬಿಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳಲ್ಲಿ ಬಹುಪಾಲು ಕೇಂಬ್ರಿಜ್ ಸೇರಿದವು. ಗೋಯ್ಟೈನ್ ಎಂಬ ವಿದ್ವಾಂಸರು ಆ ರಾಶಿಯಿಂದ ಬೆನ್ ಯಿಜುವಿನ ಪತ್ರಗಳನ್ನು ಹೆಕ್ಕಿದರು. 1992ರಲ್ಲಿ ಬಂದ ಅಮಿತಾವ್ ಘೋಷ್ ಅವರ ಪುಸ್ತಕದಿಂದ ಅವನ ಹೆಸರು ಮನೆಮಾತಾಯಿತು. ಬಿಡುಗಡೆಯ ಆ ಪತ್ರ ಉಳಿದದ್ದರಿಂದಲೇ ಅಶು ಎಂಬ ಹೆಸರೂ ಉಳಿಯಿತು.

ಇದನ್ನು ಓದಿದ ದಿನ ನಮ್ಮ ಮನೆಯ ವಂಶವೃಕ್ಷ ತೆಗೆದು ನೋಡಿದೆ. ಏಳು ತಲೆಮಾರಿನ ಗಂಡಸರ ಹೆಸರಿತ್ತು, ಒಬ್ಬ ಅಜ್ಜಿಯದೂ ಇರಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅವರಿಗೆ ನೆನಪಿದ್ದದ್ದು ಮೂವರ ಹೆಸರು. ಅವರ ತವರೂರುಗಳ ಸಮೇತ ಬರೆದುಕೊಂಡಿದ್ದೇನೆ. ನೀವೂ ಈ ವಾರ ಒಮ್ಮೆ ಮನೆಯ ಹಿರಿಯರನ್ನು ಕೇಳಿ ನೋಡಿ.